ಒಂಬತ್ತು ಕೀಲಿಯಲ್ಲಿ ಹೆಮ್ಮರಗಾಲ

ಆ್ಯಪ್ ಕಟ್ಟುವವರಿಗೂ ವಿಡಿಯೊ ಮಾಡುವವರಿಗೂ ಈಗ ಸಲಕರಣೆಗೆ ಬರವಿಲ್ಲ. ನಂಜನಗೂಡು, ತಿ. ನರಸೀಪುರ ಸೀಮೆಯ ಹಳ್ಳಿ ಹುಡುಗಿಯ ಫೋನಿನಲ್ಲೂ ಎಲ್ಲ ಇದೆ. ಬೇಕಾಗಿರುವುದು ಅಭಿರುಚಿ. ಅದು ಹುಟ್ಟಿನಿಂದಲೇ ಬರಬೇಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬೆಳೆಸಿಕೊಳ್ಳಬಹುದು, ಹೀಗೆ:

1. ಕೈಯಲ್ಲಿರುವ ವಸ್ತುವಿನ ಒಳಗಿನ ಕ್ರಮ ಹುಡುಕಿ.

ಕನ್ನಡದ ಕಾಗುಣಿತ, ಒತ್ತಕ್ಷರ ಎಲ್ಲ ಸೇರಿದರೆ ಸಾವಿರಾರು ರೂಪಗಳು. ಇಂಗ್ಲಿಷ್ ಕೀಲಿಮಣೆಯಲ್ಲಿರುವುದು 26 ಅಕ್ಷರ. ಕನ್ನಡಕ್ಕೆ ಕೀಲಿಮಣೆ ರೂಪಿಸುವಾಗ ಕಿನ್ನಿಕಂಬಳ ಪದ್ಮನಾಭ ರಾವ್, ನಾವೆಲ್ಲ ಕೆ.ಪಿ. ರಾವ್ ಎಂದು ಕರೆಯುವವರು, ಹೊಸ ಗುಂಡಿಗಳನ್ನು ಸೇರಿಸಲು ಹೋಗಲಿಲ್ಲ. ಒಂದನೇ ಕ್ಲಾಸಿನ ಮಗು ಕಲಿಯುವ ಕ್ರಮವನ್ನೇ ಹಿಡಿದರು: ವ್ಯಂಜನ, ಅದಕ್ಕೊಂದು ಸ್ವರ. ಅಲ್ಪಪ್ರಾಣದ ಕೀಲಿಯನ್ನೇ ಶಿಫ್ಟ್ ಜೊತೆ ಒತ್ತಿದರೆ ಮಹಾಪ್ರಾಣ. ಒತ್ತಕ್ಷರ ಬೇಕಾದರೆ ನಡುವೆ ಎಫ್ ಕೀಲಿ.

ಇದೇ ಕ್ರಮವನ್ನು ಬಳಸುವ ‘ನುಡಿ’ ತಂತ್ರಾಂಶದಲ್ಲಿ ನಮ್ಮ ಸೀಮೆಯ ಊರು ಹೆಮ್ಮರಗಾಲದ ಹೆಸರನ್ನು ಟೈಪ್ ಮಾಡಿ ನೋಡಿ. ಹ, ಎತ್ವ, ಮ, ಎಫ್, ಮ, ರ, ಗ, ದೀರ್ಘ, ಲ. ಒಂಬತ್ತೇ ಕೀಲಿ. ಮ್ಮ, ರ, ಲ ಅಕ್ಷರಗಳಲ್ಲಿ ಅಕಾರ ಮೊದಲೇ ಅಡಗಿದೆಯಲ್ಲ, ಅದನ್ನು ಮತ್ತೆ ಒತ್ತಬೇಕಿಲ್ಲ. ಇಡೀ ವಿನ್ಯಾಸದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಈ ಒತ್ತದೆ ಬಿಟ್ಟ ಕೀಲಿ.

2. ಯಾರ ಬೆರಳಿಗಾಗಿ ಮಾಡುತ್ತಿದ್ದೀರಿ? ಮೊದಲೇ ಹೇಳಿಕೊಳ್ಳಿ.

1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ತಂತ್ರಾಂಶ ಬಂತು. ಅದರ ಲಿಪ್ಯಂತರ ಕ್ರಮದಲ್ಲಿ ಇದೇ ಊರಿನ ಹೆಸರಿಗೆ ಹನ್ನೊಂದು ಕೀಲಿ ಬೇಕು. ಹಾಗೆಂದು ಅದು ಕೀಳಲ್ಲ. ಇಂಗ್ಲಿಷ್ ಸ್ಪೆಲಿಂಗಿಗೆ ಒಗ್ಗಿದ ಕೈಗೆ ಹೊಸದೇನನ್ನೂ ಕಲಿಯದೆ ಕನ್ನಡ ಬರೆಯಲು ಬಂತು. ದಿನವಿಡೀ ಟೈಪ್ ಮಾಡುವ ಗುಮಾಸ್ತರಿಗೂ ಅಪರೂಪಕ್ಕೆ ಕಾಗದ ಬರೆಯುವವರಿಗೂ ಒಂದೇ ಉತ್ತರ ಹೊಂದದು.

3. ಒಂದೇ ವಿಷಯ, ಎರಡು ಕೈ: ಹೋಲಿಸಿ ನೋಡಿ.

ಹೆಮ್ಮರಗಾಲದ ದೇವರು ವೇಣುಗೋಪಾಲ. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದ ಕೇಶವ ದೇವಾಲಯದಲ್ಲಿ, ದಕ್ಷಿಣದ ಗರ್ಭಗುಡಿಯಲ್ಲೂ ವೇಣುಗೋಪಾಲನೇ. ಎರಡನ್ನೂ ಹೋಗಿ ನೋಡಿ. ನಿಂತ ಭಂಗಿ, ಬೆರಳು ಕೊಳಲನ್ನು ಹಿಡಿದ ಬಗೆ, ಸುತ್ತ ಯಾರು ಯಾರಿದ್ದಾರೆ ಎಂಬುದನ್ನು ಬರೆದುಕೊಳ್ಳಿ. ‘ಚೆನ್ನಾಗಿದೆ’ ಎಂಬ ಪದ ಮಾತ್ರ ಬಳಸಬೇಡಿ. ಯಾವುದು ಇಷ್ಟವಾಯಿತು, ಯಾಕೆ ಎಂದು ಹೇಳಲು ಬಂದರೆ ಕಣ್ಣು ಪಳಗುತ್ತಿದೆ ಎಂದರ್ಥ.

4. ಸಾಮಗ್ರಿಗೆ ಕಿವಿಗೊಡಿ.

ಸೋಮನಾಥಪುರದ ಗುಡಿ ಕಡೆದ ಹೊಯ್ಸಳರ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿ. ಆ ಗುಣ ಗೊತ್ತಿದ್ದದ್ದರಿಂದಲೇ ವಿಗ್ರಹದ ಹಾರದ ಒಂದೊಂದು ಮಣಿಯ ಹಿಂದೆಯೂ ಉಳಿ ಆಡಿದೆ. ಸಣ್ಣ ಪರದೆಯ ಫೋನು, ಆಗಾಗ ಕೈಕೊಡುವ ನೆಟ್‌ವರ್ಕ್ ನಿಮ್ಮ ಕಲ್ಲು. ಅದರ ಗುಣ ತಿಳಿದ ಮೇಲೆ ಚಿತ್ರ ಬಿಡಿಸಿ.

5. ಹೆಸರು ಹಾಕುವಷ್ಟು ಚೆನ್ನಾಗಿ ಮಾಡಿ.

ಸೋಮನಾಥಪುರದ ಹಲವು ವಿಗ್ರಹಗಳ ಕೆಳಗೆ ಶಿಲ್ಪಿ ಮಲ್ಲಿತಮ್ಮನ ಹೆಸರಿದೆ. 13ನೇ ಶತಮಾನದ ಕೆಲಸ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಗುಡಿಯಲ್ಲಿ ಇಂದಿಗೂ ಓದಬಹುದು.

6. ಊರಿನ ಗುರುತು ಅಳಿಸಬೇಡಿ.

1913ರಲ್ಲಿ ಬಿ.ವಿ. ಪಂಡಿತರು ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ತೆರೆದರು. ಅವರ ಹಲ್ಲುಪುಡಿಯನ್ನು ಜನ ಇಂದಿಗೂ ಊರಿನ ಹೆಸರು ಹೇಳಿಯೇ ಕೇಳುತ್ತಾರೆ.

7. ಎಐ ಹತ್ತು ಕರಡು ಕೊಟ್ಟರೆ, ಒಂಬತ್ತನ್ನು ಯಾಕೆ ಬಿಟ್ಟಿರಿ ಎಂದು ಒಂದೊಂದು ಸಾಲು ಬರೆದಿಡಿ. ಕಾರಣ ಹೊಳೆಯದಿದ್ದರೆ ಹತ್ತನೆಯದನ್ನೂ ಬಿಡಿ.

8. ಬಳಸುವವರ ಕೈಗೆ ಕೊಟ್ಟು ಸುಮ್ಮನಿರಿ.

ನಿಮ್ಮ ಆ್ಯಪನ್ನು ಅಕ್ಕನಿಗೋ ಪಕ್ಕದ ಅಂಗಡಿಯ ಅಣ್ಣನಿಗೋ ಕೊಡಿ. ‘ಅಲ್ಲಿ ಒತ್ತಿ’ ಎಂದು ಬಾಯಿಗೆ ಬರುತ್ತದೆ, ತಡೆದುಕೊಳ್ಳಿ. ಅವರ ಬೆರಳು ಎಲ್ಲಿ ಅನುಮಾನಿಸಿತೋ ಆ ಪುಟದ ಹೆಸರು ಬರೆದುಕೊಳ್ಳಿ. ಅದನ್ನು ತಿದ್ದುವವರೆಗೆ ಹೊಸ ಸೌಲಭ್ಯ ಸೇರಿಸಬೇಡಿ.