ಪುಟವು ತಾನೇ ಹೊಸದಾಗುವ ಬಗೆ

ಕಳೆದ ವರ್ಷದ ದೀಪಾವಳಿಯ ರಜೆಯಲ್ಲಿ ನಾನು ನಮ್ಮ ಅವ್ವನ ಮೊಸರಿನ ವ್ಯಾಪಾರಕ್ಕಾಗಿ ಒಂದು ಚಿಕ್ಕ ಜಾಲತಾಣವನ್ನು ಕಟ್ಟಲು ತೊಡಗಿದೆನು. ವಿಜಯಪುರ-ಹುಬ್ಬಳ್ಳಿ ರಸ್ತೆಯಲ್ಲಿ ಒಮ್ಮೆಯಾದರೂ ಹಾದು ಹೋದವರಿಗೆ ಕೊಲ್ಹಾರದ ಗಡಿಗೆ ಮೊಸರಿನ ಪರಿಚಯವನ್ನು ಹೇಳಬೇಕಾಗಿಲ್ಲ. ಮೊಸರಿನ ಚಿತ್ರ, ಗಡಿಗೆಯೊಂದರ ಬೆಲೆ, ನಾಳೆಗೆ ಬೇಕಾದವರು ಇಂದೇ ಹೇಳಿಡುವದಕ್ಕೆ ಒಂದು ನಮೂನೆ, ಇಷ್ಟೇ ಅದರ ಹೂರಣ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವನು ನಾನೇ ಮೊದಲಿಗನು. ಆದುದರಿಂದ ಕಲಿತ ವಿದ್ಯೆ ಮನೆಗೆ ನಾಲ್ಕು ದುಡ್ಡು ತರುವದೋ ಇಲ್ಲವೋ ಎಂಬದನ್ನು ನೋಡುವ ಹಂಬಲವೂ ನನಗಿದ್ದಿತು.

ನನ್ನಲ್ಲಿ ಸ್ವಂತ ಕಂಪ್ಯೂಟರ್ ಇಲ್ಲ. ಬಸ್ಸು ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ಗಂಟೆಗೆ 30 ರೂಪಾಯಿ ಕೊಟ್ಟು ಕೂಡ್ರುತ್ತಿದ್ದೆನು. ಒಂದು ಸಾಲನ್ನು ತಿದ್ದುವದು, ಉಳಿಸುವದು, ಬ್ರೌಸರಿನ ಕಿಟಕಿಗೆ ಹೋಗುವದು, ಎಫ್ 5 ಕೀಲಿಯನ್ನು ಒತ್ತುವದು, ಮತ್ತೆ ಪುಟವನ್ನು ಕೆಳಗೆ ಸರಿಸಿ ತಿದ್ದಿದ ಜಾಗವನ್ನು ಹುಡುಕುವದು. ಒಂದು ತಿದ್ದುಪಡಿಗೆ ಹತ್ತು ಸೆಕೆಂಡು ಹಿಡಿದರೂ ಇನ್ನೂರು ತಿದ್ದುಪಡಿಗಳಿಗೆ ಎರಡು ಸಾವಿರ ಸೆಕೆಂಡು, ಎಂದರೆ ಅರ್ಧ ತಾಸಿಗೂ ಮಿಕ್ಕಿ ಹೋಗುವದು. ಹದಿನೈದು ರೂಪಾಯಿಯು ಬರಿಯ ಕೀಲಿ ಒತ್ತುವದಕ್ಕೆ! ಹೀಗೊಂದು ಮಧ್ಯಾಹ್ನ ಊಟಕ್ಕೆ ಕರೆಯಲು ಬಂದ ಅವ್ವ ಹಿಂದೆ ನಿಂತು ನೋಡಿ, “ಯಾಕೋ ತಮ್ಮಾ, ಅದನ್ನೊಂದ ಎಷ್ಟ ಸಲ ಬಡಿತಿ? ಕೆಟ್ಟೈತೇನು?” ಎಂದು ಕೇಳಿದಳು. ಕೆಟ್ಟಿರಲಿಲ್ಲ. ಆದರೆ ಅವಳ ಪ್ರಶ್ನೆ ಸರಿಯಾಗಿಯೇ ಇದ್ದಿತು. ಬದಲಾದ ಸುದ್ದಿಯನ್ನು ಪುಟಕ್ಕೆ ನಾನೇ ಯಾಕೆ ಸಾರಿ ಸಾರಿ ಹೇಳಬೇಕು?

ಇದರ ಕಾರಣವು ಜಾಲದ ಹುಟ್ಟುಗುಣದಲ್ಲಿದೆ. ಬ್ರೌಸರು ಸರ್ವರಿಗೆ “ಈ ಪುಟವನ್ನು ಕೊಡು” ಎಂದು ಕೇಳುವದು, ಸರ್ವರು ಕೊಡುವದು, ಅಲ್ಲಿಗೆ ಅವರಿಬ್ಬರ ಮಾತು ಮುಗಿಯಿತು. ಕೊಟ್ಟ ಮೇಲೆ ಮೂಲ ಫೈಲು ಬದಲಾದರೆ, ಸರ್ವರು ತಾನಾಗಿ ಬ್ರೌಸರನ್ನು ಕೂಗಿ ಕರೆಯುವ ವಾಡಿಕೆ ಇಲ್ಲ. ನಾವು ಪರದೆಯ ಮೇಲೆ ನೋಡುವದು ಫೈಲನ್ನಲ್ಲ, ಕೇಳಿದ ಗಳಿಗೆಯಲ್ಲಿ ದೊರೆತ ಅದರ ನಕಲನ್ನು.

ನಮ್ಮೂರಿನವರಿಗೆ ಇದನ್ನು ಹೊಳೆಯ ಮಾತಿನಿಂದ ತಿಳಿಸುವದು ಸುಲಭ. ಆಲಮಟ್ಟಿಯ ಆಣೆಕಟ್ಟಿಗೆ ಲಾಲ್ ಬಹಾದ್ದೂರ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲನ್ನಿಟ್ಟರು. ಇಂದು ಜಲಾಶಯ ತುಂಬಿದಾಗ ಅದರ ಮಟ್ಟವು 519.60 ಮೀಟರು. ಆ ಹಿನ್ನೀರಿಗಾಗಿ ಹಳೆಯ ಕೊಲ್ಹಾರವು ಜಾಗ ಬಿಡಬೇಕಾಗಿ ಬಂದು, ಎತ್ತರದಲ್ಲಿ ಹೊಸ ಕೊಲ್ಹಾರವು ಎದ್ದಿತು. ಆಣೆಕಟ್ಟಿಗೂ ಹಿಂದಿನ ಮಾತನ್ನು ನಮ್ಮ ಅಜ್ಜ ಹೇಳುತ್ತಿದ್ದನು. ಕೃಷ್ಣೆಗೆ ನೀರು ಬರುವ ದಿನಗಳಲ್ಲಿ ಹೊಳೆದಂಡೆಯ ಹೊಲದವರು ರಾತ್ರಿಯೆಲ್ಲ ಕಂದೀಲು ಹಿಡಿದು ಹೋಗಿ ಹೋಗಿ ನೀರಿನ ಮಟ್ಟವನ್ನು ನೋಡಿ ಬರುತ್ತಿದ್ದರಂತೆ. ಹತ್ತು ಸಲ ಹೋದರೆ ಒಂಬತ್ತು ಸಲ ಏನೂ ಏರಿರುತ್ತಿರಲಿಲ್ಲ. ಏರಿದಾಗ ಅವರು ಮನೆಯಲ್ಲಿರುತ್ತಿದ್ದರು. ಇದರ ಬದಲು ದಂಡೆಯ ಮೇಲೆ ಒಬ್ಬನನ್ನು ಕೂಡ್ರಿಸಿ, ನೀರು ಏರಿದೊಡನೆ ಅವನಿಂದ ಡಂಗುರ ಹೊಡೆಸಿದರೆ ಊರೆಲ್ಲ ನಿಶ್ಚಿಂತೆಯಿಂದ ಮಲಗಬಹುದು.

ಜಾಲದಲ್ಲಿಯೂ ಮೊದಲು ಬಂದದ್ದು ಕಂದೀಲಿನ ದಾರಿಯೇ. 1995ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರಿನವರು, “ಇಷ್ಟು ಸೆಕೆಂಡಿಗೊಮ್ಮೆ ಈ ಪುಟವನ್ನು ಮತ್ತೆ ತರಿಸು” ಎಂದು ಪುಟದ ತಲೆಯಲ್ಲಿಯೇ ಒಂದು ಸಾಲು ಬರೆದಿಡುವ ಸೌಕರ್ಯವನ್ನು ಕೊಟ್ಟರು. ಮೆಟಾ ರಿಫ್ರೆಶ್ ಎಂದು ಅದರ ಹೆಸರು. ನಾನು ಅದನ್ನೂ ಮಾಡಿ ನೋಡಿದೆನು. ಐದು ಸೆಕೆಂಡು ಇಟ್ಟೆನು. ನಮೂನೆಯಲ್ಲಿ ಅರ್ಧ ಹೆಸರು ತುಂಬುವಷ್ಟರಲ್ಲಿ ಪುಟವು ಹೊಸದಾಗಿ, ತುಂಬಿದ್ದೆಲ್ಲ ಅಳಿಸಿ ಹೋಯಿತು. ಅರವತ್ತು ಸೆಕೆಂಡು ಇಟ್ಟರೆ ಕಾಯುವದೇ ಕೆಲಸವಾಯಿತು. ಆ ಸಾಲನ್ನು ತೆಗೆದುಹಾಕಿದೆನು.

ಡಂಗುರದ ದಾರಿಗೆ ಮೂರು ಅಂಗಗಳು ಬೇಕು. ಮೊದಲನೆಯದು ದಂಡೆಯ ಮೇಲಿನ ಕಾವಲುಗಾರನು. ಯಾವ ಫೈಲು ಯಾವಾಗ ಬದಲಾಯಿತೆಂಬದು ಕಂಪ್ಯೂಟರಿನ ಕಾರ್ಯವ್ಯವಸ್ಥೆಗೆ ಎಲ್ಲರಿಗಿಂತ ಮುಂಚೆ ಗೊತ್ತು. ಯಾಕೆಂದರೆ ಬರೆಯುವವರೆಲ್ಲರೂ ಅದರ ಕೈಯಿಂದಲೇ ಬರೆಯಿಸಬೇಕು. ಅದು ಕೇಳಿಕೊಂಡವರಿಗೆ ಸುದ್ದಿಯನ್ನು ಮುಟ್ಟಿಸುವದು. ಲಿನಕ್ಸಿನಲ್ಲಿ ಈ ಕೆಲಸಕ್ಕೆ ಐನೋಟಿಫೈ ಎಂಬ ಏರ್ಪಾಡು 2005ರಲ್ಲಿ ಸೇರಿತು. ಎರಡನೆಯದು ಡಂಗುರದ ಧ್ವನಿಯು ಸಾಗುವ ಹಾದಿ. ಒಮ್ಮೆ ತೆರೆದರೆ ಮುಚ್ಚದೆ ಎರಡೂ ಕಡೆಯಿಂದ ಮಾತು ಹೋಗಿಬರುವ ಈ ಹಾದಿಗೆ ವೆಬ್‌ಸಾಕೆಟ್ ಎನ್ನುವರು. ಇದರ ನಿಯಮಗಳು 2011ರ ಡಿಸೆಂಬರಿನಲ್ಲಿ ಗಟ್ಟಿಯಾದವು. ಮೂರನೆಯದು ಮನೆಯೊಳಗಿನ ಕಿವಿ. ಸರ್ವರು ಪುಟವನ್ನು ಬ್ರೌಸರಿಗೆ ಕೊಡುವಾಗ ಅದರಲ್ಲಿ ನಾಲ್ಕಾರು ಸಾಲಿನ ಒಂದು ತುಣುಕನ್ನು ತಾನೇ ಸೇರಿಸಿಬಿಡುವದು. ಆ ತುಣುಕು ಹಾದಿಯನ್ನು ತೆರೆದು ಕಾಯುತ್ತ ಕೂಡ್ರುವದು. “ಬದಲಾಯಿತು” ಎಂಬ ಮಾತು ಕೇಳಿದೊಡನೆ ಪುಟವನ್ನು ಮತ್ತೆ ತರಿಸುವದು. ನಮ್ಮ ಮೂಲ ಫೈಲಿನಲ್ಲಿ ಈ ತುಣುಕಿನ ಸುಳಿವೂ ಇರುವದಿಲ್ಲ.

ಇವು ಮೂರನ್ನೂ ಒಟ್ಟುಗೂಡಿಸಿದ ಸಲಕರಣೆಗಳು ಈಗ ಹಲವಾರು ಇವೆ. ನಾನು ಬಳಸಿದ್ದು ವಿಎಸ್ ಕೋಡ್ ಎಂಬ ಬರೆಯುವ ತಂತ್ರಾಂಶದಲ್ಲಿ ಸೇರಿಸಿಕೊಳ್ಳುವ ಲೈವ್ ಸರ್ವರ್. ಅದನ್ನು ರಚಿಸಿದವರು ನಮ್ಮ ದೇಶದವರೇ ಆದ ಋತ್ವಿಕ್ ಡೇ ಎಂಬವರು, ಹಣವೇನೂ ಕೊಡಬೇಕಾಗಿಲ್ಲ. ಅದು ಸಾಮಾನ್ಯವಾಗಿ 5500 ಎಂಬ ಬಾಗಿಲ ಸಂಖ್ಯೆಯಲ್ಲಿ ಪುಟವನ್ನು ತೆರೆದು ತೋರಿಸುವದು.

ಮೊದಲ ದಿನ ಅದು ನನ್ನ ಪಾಲಿಗೆ ಕೆಲಸ ಮಾಡಲಿಲ್ಲ. ಒಂದು ತಾಸು, ಎಂದರೆ ಮೂವತ್ತು ರೂಪಾಯಿ, ತಲೆ ಕೆರೆದುಕೊಂಡೆನು. ನಾನು ಅವಸರದಲ್ಲಿ ಹೆಡ್ ಮತ್ತು ಬಾಡಿ ಎಂಬ ಗುರುತುಗಳನ್ನೇ ಬರೆಯದೆ ಪುಟವನ್ನು ಆರಂಭಿಸಿದ್ದೆನು. ಬ್ರೌಸರು ಉದಾರಿ, ಆ ತಪ್ಪನ್ನು ತಾನೇ ತುಂಬಿಕೊಂಡು ಪುಟವನ್ನು ತೋರಿಸುತ್ತಿದ್ದಿತು. ಆದರೆ ತುಣುಕನ್ನು ಎಲ್ಲಿ ಸೇರಿಸಬೇಕೆಂದು ಲೈವ್ ಸರ್ವರ್ ಹುಡುಕುವದು ಆ ಗುರುತುಗಳನ್ನೇ. ಜಾಗ ಸಿಗದೆ ಸುಮ್ಮನಾಗಿದ್ದಿತು. ಇದೇ ದಾರಿಗೆ ಹೊರಟ ನನ್ನ ಸಹಪಾಠಿಗಳು ಇನ್ನೊಂದು ಮಾತನ್ನೂ ಲಕ್ಷ್ಯದಲ್ಲಿಡಬೇಕು. ಫೈಲಿನ ಮೇಲೆ ಎರಡು ಸಲ ಒತ್ತಿ ನೇರವಾಗಿ ತೆರೆದರೆ ನಡುವೆ ಸರ್ವರೇ ಇರುವದಿಲ್ಲ, ತುಣುಕು ಸೇರುವದಿಲ್ಲ, ಎಷ್ಟು ಕಾದರೂ ಪುಟವು ಅಲುಗುವದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ತಿಳಿದಿರಬೇಕಾದ ಸೂಕ್ಷ್ಮವೊಂದುಂಟು. ಈಗ ರೂಢಿಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕಾದರೆ ಕನ್ನಡದ ಪ್ರತಿಯೊಂದು ಸಂಕೇತಕ್ಕೆ ಮೂರು ಬೈಟುಗಳು ಬೇಕು. “ಕೊಲ್ಹಾರ” ಎಂಬುದರಲ್ಲಿ ಒತ್ತು, ಗುಣಿತಗಳನ್ನು ಬಿಡಿಸಿ ಎಣಿಸಿದರೆ ಏಳು ಸಂಕೇತಗಳು. ಒಟ್ಟು 21 ಬೈಟುಗಳು. ಫೈಲು ಪೂರ್ತಿ ಬರೆದು ಮುಗಿಯುವ ಮುಂಚೆಯೇ ಸರ್ವರು ಅವಸರಪಟ್ಟು ಓದಿದರೆ ಮೂರು ಬೈಟುಗಳ ನಡುವೆಯೇ ಕತ್ತರಿ ಬಿದ್ದು, ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರಾಕೃತಿಯು ಕಾಣಬಹುದು. ಆದುದರಿಂದ ಒಳ್ಳೆಯ ಸಲಕರಣೆಗಳು ಸುದ್ದಿ ಬಂದ ಮೇಲೂ ಕಣ್ಣೆವೆ ಇಕ್ಕುವಷ್ಟು ಹೊತ್ತು ತಡೆದು ಆಮೇಲೆ ಪುಟವನ್ನು ಹೊಸದು ಮಾಡುವವು.

ಬಣ್ಣ, ಅಕ್ಷರದ ಗಾತ್ರ ಮೊದಲಾದ ಅಲಂಕಾರವನ್ನು ಬೇರೆ ಫೈಲಿನಲ್ಲಿಟ್ಟಿದ್ದರೆ ಇಡಿಯ ಪುಟವನ್ನು ಮತ್ತೆ ತರಿಸುವ ಕಾರಣವೂ ಇಲ್ಲ. ಆ ಫೈಲೊಂದನ್ನೇ ಬದಲಿಸಿದರಾಯಿತು. ನಮೂನೆಯಲ್ಲಿ ತುಂಬಿದ ಹೆಸರು ಹಾಗೆಯೇ ಇದ್ದು, ಗಡಿಗೆಯ ಹಿಂದಿನ ಬಣ್ಣ ಮಾತ್ರ ಕೆಂಪಿನಿಂದ ಕಾವಿಗೆ ತಿರುಗಿದ್ದನ್ನು ನೋಡಿ ನನಗಾದ ಸಂತೋಷವನ್ನು ಇಲ್ಲಿ ಬರೆದರೆ ಹುಡುಗಾಟಿಕೆ ಎಂದಾರು.

ಎಂಟು ದಿನಗಳಲ್ಲಿ ತಾಣವು ಸಿದ್ಧವಾಯಿತು. ಗೆಳೆಯನೊಬ್ಬನು ತನ್ನ ಸರ್ವರಿನಲ್ಲಿ ಜಾಗ ಕೊಟ್ಟನು. ಊರ ಕಡೆ ನೆಟ್‌ವರ್ಕು ಸಾಲದು, ಗಿರಾಕಿಗಳಿಗೆ ಡೇಟಾ ಖರ್ಚು ಆಗಬಾರದು ಎಂದು ನಾನು ಜಾಣತನದಿಂದ, “ಈ ಪುಟದ ನಕಲನ್ನು 86400 ಸೆಕೆಂಡು, ಎಂದರೆ ಒಂದು ದಿನ, ಇಟ್ಟುಕೊಳ್ಳಬಹುದು” ಎಂಬ ಸೂಚನೆಯನ್ನು ಪುಟದೊಡನೆ ಕಳಿಸುವ ಹಾಗೆ ಏರ್ಪಡಿಸಿದೆನು. ಹೊಟ್ಟಿನ ಬೆಲೆ ಏರಿದ ಕಾರಣ ಅವ್ವ ಒಂದು ದಿನ ಮುಂಜಾನೆ ಗಡಿಗೆಗೆ 50 ಇದ್ದದ್ದನ್ನು 60 ಮಾಡಿದಳು. ನಾನು ತಿದ್ದಿದೆನು. ನನ್ನ ಪರದೆಯಲ್ಲಿ ಆ ಕ್ಷಣವೇ 60 ಬಂದಿತು. ಅದು ನನ್ನ ಬ್ರೌಸರು, ನನ್ನ ಡಂಗುರ. ಗಿರಾಕಿಗಳ ಮೊಬೈಲಿಗೆ ಯಾವ ಡಂಗುರವೂ ಇರಲಿಲ್ಲ. ಹಿಂದಿನ ಸಂಜೆ ಪುಟವನ್ನು ನೋಡಿದ್ದವರಿಗೆಲ್ಲ ನಿನ್ನೆಯ ನಕಲೇ ಕಾಣುತ್ತಿದ್ದಿತು.

ವಿಜಯಪುರದ ಕಡೆಯಿಂದ ಬಂದ ಹಿರಿಯರೊಬ್ಬರು ಮೊಬೈಲನ್ನು ಅವ್ವನ ಮುಂದೆ ಹಿಡಿದು, “ಇದರಾಗ ಐವತ್ತ ಐತೆಲ್ಲವಾ?” ಎಂದು ಕೇಳಿದರು. ನಾನು ನಡುವೆ ಬಾಯಿ ಹಾಕಿ, “ಕಾಕಾ, ಪುಟ ಒಮ್ಮೆ ಬಳ್ಳಿಂದ ಕೆಳಗ ಜಗ್ಗಿ ಬಿಡ್ರಿ” ಎಂದೆನು. ಅವರು ಜಗ್ಗಿ ಬಿಟ್ಟರು. ಅವರ ಕಣ್ಣೆದುರಿಗೇ 50 ಹೋಗಿ 60 ಆಯಿತು. “ಏನಪ್ಪಾ, ನನ್ನ ಕೈಲೇ ರೇಟ್ ಏರಿಸಿದಿ!” ಎಂದು ಅವರು ನಕ್ಕರು, ನನಗೆ ನಗು ಬರಲಿಲ್ಲ.

ಅಂದೇ ಆ ಸೂಚನೆಯನ್ನು ಬದಲಿಸಿ, ನಕಲನ್ನು ಇಟ್ಟುಕೊಂಡರೂ ತೋರಿಸುವ ಮುಂಚೆ ಪ್ರತಿಸಲ ಸರ್ವರನ್ನು ಕೇಳಬೇಕೆಂದು ಬರೆದೆನು. ಪುಟವು ಬದಲಾಗಿರದಿದ್ದರೆ ಸರ್ವರು 304 ಎಂಬ ಚಿಕ್ಕ ಉತ್ತರವನ್ನಷ್ಟೇ ಕೊಡುವದರಿಂದ ಡೇಟಾ ಹೆಚ್ಚೇನೂ ಹೋಗುವದಿಲ್ಲ. ಇದನ್ನೇ ಮೊದಲು ಮಾಡಬೇಕಾಗಿತ್ತು. ಆದರೆ ಅದಾಗಲೇ ಹೊರಬಿದ್ದ ನಕಲುಗಳನ್ನು ಮರಳಿ ಕರೆಯುವ ಬಗೆ ಇರಲಿಲ್ಲ. ಅವುಗಳ ಒಂದು ದಿನದ ಆಯುಷ್ಯ ಮುಗಿಯುವ ತನಕ, ಮೊಬೈಲಿನಲ್ಲಿ 50 ತೋರಿಸಿದವರಿಗೆಲ್ಲ ಅವ್ವ 50ಕ್ಕೇ ಕೊಟ್ಟಳು. ಹದಿನಾಲ್ಕು ಗಡಿಗೆ, ನೂರಾ ನಲವತ್ತು ರೂಪಾಯಿ. ಮೊಬೈಲನ್ನು ಜಗ್ಗಿ ನೋಡಿದ ಆ ಕಾಕಾ ಅವರಿಗೂ ಅದೇ ಬೆಲೆ.