ಅಮ್ಮನಿಗೆ ಬಿಡಿ ಅಕ್ಷರದ ಕಾಗದ

ನಾವು ಹೊಸದಾಗಿ ಓದು ಕಲಿತವರು. ಅಚ್ಚಿನ ಅಕ್ಷರ ನಮಗೆ ಬೇಗ ತಿಳಿಯುತ್ತದೆ. ಕೈಬರಹದ ಕಾಗದ ಬಂದರೆ ತಡವರಿಸುತ್ತೇವೆ. ಅಲ್ವೇ?

ಇದನ್ನು ಅರಿತ ಒಬ್ಬ ಮಗನಿದ್ದ. ತಾಯಿಗೆ ಸುಲಭವಾಗಿ ಓದೋಕೆ ಆಗಲಿ ಎಂದು ಅವನು ಅಚ್ಚಿನ ಹಾಗೆ ಬಿಡಿ ಬಿಡಿ ಅಕ್ಷರದಲ್ಲಿ ಕಾಗದ ಬರೆಯುತ್ತಿದ್ದ. ಅವನ ಹೆಸರು ಥಾಮಸ್ ಟೆಲ್ಫೋರ್ಡ್. ಅವನು ಮುಂದೆ ದೊಡ್ಡ ಎಂಜಿನಿಯರ್ ಆದ. ಬನ್ನಿ, ಅವನ ಕತೆ ಓದೋಣ.

ಕುರಿ ಕಾಯ್ದ ಹುಡುಗ

ಬ್ರಿಟನ್ನಿನ ಉತ್ತರ ಭಾಗದಲ್ಲಿ ಸ್ಕಾಟ್ಲೆಂಡ್ ಎಂಬ ನಾಡಿದೆ. ಅದು ಬೆಟ್ಟಗುಡ್ಡಗಳ ನಾಡು. 1757ರಲ್ಲಿ ಟೆಲ್ಫೋರ್ಡ್ ಅಲ್ಲಿ ಹುಟ್ಟಿದ. ಅಪ್ಪ ಕುರಿ ಕಾಯುತ್ತಿದ್ದ. ಮಗು ಹುಟ್ಟಿದ ಕೆಲವೇ ತಿಂಗಳಲ್ಲಿ ಅಪ್ಪ ತೀರಿಕೊಂಡ. ತಾಯಿ ಜಾನೆಟ್ ಅವರಿವರ ಹೊಲಮನೆಯಲ್ಲಿ ದುಡಿದು ಮಗನನ್ನು ಸಾಕಿದಳು. ನೆಂಟರ ನೆರವಿನಿಂದ ಹುಡುಗ ಊರ ಶಾಲೆಗೆ ಹೋದ. ಬಿಡುವಿನಲ್ಲಿ ಕುರಿ ಕಾಯ್ದ.

ಸುಮಾರು 14ನೇ ವಯಸ್ಸಿಗೆ ಕಲ್ಲುಕೆಲಸ ಕಲಿಯಲು ಸೇರಿದ. ಹಗಲೆಲ್ಲ ಉಳಿ, ಸುತ್ತಿಗೆ. ಆದರೆ ಓದು ಬಿಡಲಿಲ್ಲ. ಕೊಳ್ಳೋಕೆ ಕಾಸಿಲ್ಲ. ಲ್ಯಾಂಗ್‌ಹೋಮ್ ಊರಿನ ಪಾಸ್ಲಿ ಎಂಬ ಹಿರಿಯ ಹೆಂಗಸು ಅವನಿಗೆ ಪುಸ್ತಕ ಕೊಡುತ್ತಿದ್ದರು. ಅವನು ಓದಿ ಹಿಂತಿರುಗಿಸುತ್ತಿದ್ದ.

ಕಲ್ಲುಕೆಲಸದಿಂದ ಎಂಜಿನಿಯರ್

1782ರಲ್ಲಿ ಟೆಲ್ಫೋರ್ಡ್ ಲಂಡನ್ನಿಗೆ ಹೋದರು. ಅಲ್ಲೂ ಕಲ್ಲುಕೆಲಸವೇ. ಕಾಲೇಜು ಮೆಟ್ಟಿಲು ಹತ್ತಿದವರಲ್ಲ. ಕೆಲಸ ಮಾಡುತ್ತಾ ಕಲಿತರು. ಓದುತ್ತಾ ಬೆಳೆದರು.

ಸ್ಕಾಟ್ಲೆಂಡಿನ ಬೆಟ್ಟದ ಸೀಮೆಯಲ್ಲಿ ಆಗ ಒಳ್ಳೆಯ ರಸ್ತೆಗಳು ಕಡಿಮೆ. 1803ರಿಂದ ಸರಕಾರ ಅಲ್ಲಿ ರಸ್ತೆ ಮಾಡಿಸಿತು. ಆ ಹೊಣೆ ಹೊತ್ತವರು ಟೆಲ್ಫೋರ್ಡ್. ಅವರ ಮೇಲ್ವಿಚಾರಣೆಯಲ್ಲಿ ಸುಮಾರು 1,450 ಕಿಲೋಮೀಟರ್ ರಸ್ತೆ ಆಯಿತು. ಚಿಕ್ಕದು ದೊಡ್ಡದು ಸೇರಿ ಸಾವಿರಕ್ಕೂ ಹೆಚ್ಚು ಸೇತುವೆ ಎದ್ದವು.

ಸಮುದ್ರದ ಮೇಲೆ ತೂಗುಸೇತುವೆ

ಬ್ರಿಟನ್ನಿನ ಪಶ್ಚಿಮಕ್ಕೆ ವೇಲ್ಸ್ ನಾಡು. ಅದರ ಅಂಚಿಗೆ ಆಂಗ್ಲಸಿ ಎಂಬ ದ್ವೀಪ. ನಡುವೆ ಮೆನಾಯ್ ಎಂಬ ಕಿರಿದಾದ ಸಮುದ್ರ. ಸೆಳೆತ ಬಹಳ. ಜನ ದೋಣಿಯಲ್ಲಿ ದಾಟಬೇಕಿತ್ತು. ದೋಣಿ ಮುಳುಗಿ ಜನ ಸತ್ತದ್ದೂ ಉಂಟು. ಸಂತೆಗೆ ಹೋಗುವ ದನಗಳನ್ನು ನೀರಿಗಿಳಿಸಿ ಈಜಿಸುತ್ತಿದ್ದರು.

ಸೇತುವೆ ಕಟ್ಟಬೇಕು. ಆದರೆ ಕೆಳಗೆ ಎತ್ತರದ ಹಡಗುಗಳೂ ಹೋಗಬೇಕು. ಏನು ಮಾಡೋದು? ಟೆಲ್ಫೋರ್ಡ್ ಎರಡೂ ಕಡೆ ಕಲ್ಲಿನ ಗೋಪುರ ಕಟ್ಟಿಸಿದರು. ಕಬ್ಬಿಣದ 16 ಸರಪಳಿಗಳನ್ನು ಗೋಪುರಗಳ ಮೇಲೆ ಹಾಯಿಸಿದರು. ಸರಪಳಿಯಿಂದ ರಸ್ತೆಯನ್ನು ತೂಗುಹಾಕಿದರು. ನಮ್ಮ ಹಳ್ಳಿಯ ಉಯ್ಯಾಲೆ ಮಣೆ ಹಗ್ಗದಲ್ಲಿ ನಿಲ್ಲುವ ಹಾಗೆ! ಗೋಪುರಗಳ ನಡುವೆ 176 ಮೀಟರ್. ನೀರಿನಿಂದ ಎತ್ತರ ಸುಮಾರು 30 ಮೀಟರ್. 1826ರ ಜನವರಿ 30ರಂದು ಸೇತುವೆ ತೆರೆಯಿತು. ಸುಮಾರು 1940ರ ಹೊತ್ತಿಗೆ ಹಳೆಯ ಸರಪಳಿ ತೆಗೆದು ಉಕ್ಕಿನ ಸರಪಳಿ ಹಾಕಿದರು. ಗೋಪುರಗಳು ಅವೇ.

ಕೊನೆಯ ಕೊಡುಗೆ

1820ರಲ್ಲಿ ಎಂಜಿನಿಯರುಗಳ ಸಂಘಕ್ಕೆ ಟೆಲ್ಫೋರ್ಡ್ ಮೊದಲ ಅಧ್ಯಕ್ಷರಾದರು. 1834ರಲ್ಲಿ ತೀರಿಕೊಂಡರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಎಂಬ ದೊಡ್ಡ ಚರ್ಚಿನಲ್ಲಿ ಅವರ ಸಮಾಧಿ ಇದೆ.

ಅವರು ಉಯಿಲು ಬರೆದಿದ್ದರು. ಅದರಲ್ಲಿ ತನ್ನ ಸೀಮೆಯ ಎರಡು ಊರುಗಳ ವಾಚನಾಲಯಕ್ಕೆ ತಲಾ ಸಾವಿರ ಪೌಂಡು ಕೊಟ್ಟರು. ಒಂದು ಲ್ಯಾಂಗ್‌ಹೋಮ್. ಪುಸ್ತಕ ಕೊಟ್ಟ ಆ ಹೆಂಗಸಿನ ಊರು. ಇನ್ನೊಂದು ವೆಸ್ಟರ್‌ಕರ್ಕ್. ಅಲ್ಲಿಯ ವಾಚನಾಲಯ ಕಟ್ಟಿದವರು ಯಾರು ಗೊತ್ತೇ? ಗಣಿಯ ಕೆಲಸಗಾರರು!

ಒಬ್ಬರು ಕೊಟ್ಟ ಪುಸ್ತಕದಿಂದ ಒಬ್ಬ ಹುಡುಗ ಬೆಳೆದ. ಬೆಳೆದವನು ಊರಿಗೇ ಪುಸ್ತಕ ಕೊಟ್ಟ. ಸೇತುವೆ ಎಂದರೆ ಕಲ್ಲು ಕಬ್ಬಿಣದ್ದು ಮಾತ್ರವಲ್ಲ. ಅಕ್ಷರವೂ ಸೇತುವೆಯೇ. ನಾವು ದಾಟಿದೆವು. ಹಿಂದೆ ಉಳಿದವರಿಗೂ ಕೈ ಕೊಡೋಣ.

ಹೇಳಿ ನೋಡೋಣ

1. ಟೆಲ್ಫೋರ್ಡ್ ತಾಯಿಗೆ ಬಿಡಿ ಅಕ್ಷರದಲ್ಲಿ ಬರೆದದ್ದು ಏಕೆ?
2. ಮೆನಾಯ್ ಸೇತುವೆಯನ್ನು ಅಷ್ಟು ಎತ್ತರಕ್ಕೆ ಕಟ್ಟಿದ್ದು ಏಕೆ?
3. ನಿಮ್ಮವರಿಗೆ ಬಿಡಿ ಅಕ್ಷರದಲ್ಲಿ ನಾಲ್ಕು ಸಾಲಿನ ಕಾಗದ ಬರೆಯಿರಿ.