ಕಡಲಂಚಿನ ಬದುಕು

ರೈತನೊಬ್ಬನು ವರ್ಷ ವರ್ಷವೂ ಅಷ್ಟಿಷ್ಟು ಉಳಿಸಿ ಒಂದು ಜೊತೆ ಎತ್ತುಗಳನ್ನು ಕೊಳ್ಳುತ್ತಾನೆ. ಮನೆಗೆ ಹೆಂಚು ಹೊದಿಸುತ್ತಾನೆ. ಮಗಳನ್ನು ಶಾಲೆಗೆ ಕಳುಹಿಸುತ್ತಾನೆ. ಇದನ್ನೇ ನಾವು ಏಳಿಗೆಯೆಂದು ಕರೆಯುತ್ತೇವೆ. ಒಂದು ರಾತ್ರಿ ಎತ್ತುಗಳು ಸತ್ತು, ಹೆಂಚು ಹಾರಿಹೋಗಿ, ಹೊಲದ ಮಣ್ಣೂ ಕೆಟ್ಟರೆ ಅವನು ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಮತ್ತೆ ಮತ್ತೆ ಹೀಗಾದರೆ ಅವನು ಎಷ್ಟೇ ದುಡಿದರೂ ಬಡವನಾಗಿಯೇ ಉಳಿಯುತ್ತಾನೆ. ಒಬ್ಬನಿಗೆ ಸಲ್ಲುವ ಈ ಮಾತು ಒಂದು ನಾಡಿಗೂ ಸಲ್ಲುತ್ತದೆ. ನಮ್ಮ ನೆರೆಯ ಬಾಂಗ್ಲಾದೇಶದ ಕರಾವಳಿಯೇ ಇದಕ್ಕೆ ನಿದರ್ಶನ.

ಗಂಗಾ, ಬ್ರಹ್ಮಪುತ್ರ, ಮೇಘನಾ ನದಿಗಳು ಪರ್ವತಗಳಿಂದ ಹೊತ್ತು ತಂದ ಮೆಕ್ಕಲು ಮಣ್ಣಿನಿಂದ ರೂಪುಗೊಂಡ ನಾಡು ಬಾಂಗ್ಲಾದೇಶ. ಇಷ್ಟು ವಿಶಾಲವಾದ ಮುಖಜಭೂಮಿ ಜಗತ್ತಿನಲ್ಲಿ ಬೇರೊಂದಿಲ್ಲ. ಮಣ್ಣು ಫಲವತ್ತಾದುದು, ಕೆಲವೆಡೆ ವರ್ಷಕ್ಕೆ ಮೂರು ಬೆಳೆ ಭತ್ತ ತೆಗೆಯುವುದುಂಟು. ಅಲ್ಲಿ ಸುಮಾರು 17 ಕೋಟಿ ಜನರು ವಾಸಿಸುತ್ತಾರೆ. ಆದರೆ ನದಿಗಳು ಕೊಟ್ಟ ಈ ನೆಲವು ಬಹುಮಟ್ಟಿಗೆ ಸಮುದ್ರಮಟ್ಟಕ್ಕಿಂತ ಹೆಚ್ಚು ಎತ್ತರದಲ್ಲಿಲ್ಲ. ಬಂಗಾಳ ಕೊಲ್ಲಿಯು ಉತ್ತರಕ್ಕೆ ಹೋದಂತೆ ಆಲಿಕೆಯ ಹಾಗೆ ಕಿರಿದಾಗುತ್ತದೆ, ಆಳವೂ ಕಡಮೆಯಾಗುತ್ತದೆ. ಆದಕಾರಣ ಚಂಡಮಾರುತವು ತಳ್ಳಿಕೊಂಡು ಬರುವ ನೀರು ಅಲ್ಲಿ ಗೋಡೆಯಂತೆ ಎದ್ದು ದಡವನ್ನು ಅಪ್ಪಳಿಸುತ್ತದೆ.

1970ರ ನವೆಂಬರ್ 12ರ ರಾತ್ರಿ ಇಂಥದೊಂದು ಅಲೆ ಬಂದಿತು. ಆಗ ಆ ಪ್ರದೇಶಕ್ಕೆ ಪೂರ್ವ ಪಾಕಿಸ್ತಾನವೆಂದು ಹೆಸರು. ಸತ್ತವರು ಕಡಮೆಯೆಂದರೂ ಮೂರು ಲಕ್ಷ ಮಂದಿ. 1991ರ ಏಪ್ರಿಲ್ 29ರ ಚಂಡಮಾರುತದಲ್ಲಿ ಸುಮಾರು 1,38,000 ಜನರು ಮಡಿದರು. 2007ರ ನವೆಂಬರಿನಲ್ಲಿ ಬಂದ ‘ಸಿಡ್ರ್’ ಚಂಡಮಾರುತವೂ ಅತಿ ಪ್ರಬಲವಾದುದೇ. ಸತ್ತವರು ಸುಮಾರು 3,400. 2020ರ ಮೇ ತಿಂಗಳಿನ ‘ಅಂಫಾನ್’ ಬರುವ ಮುನ್ನವೇ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಯಿತು. ಆ ದೇಶದಲ್ಲಿ ಆಗ ಸತ್ತವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ.

ಗಾಳಿಯ ಶಕ್ತಿಯೇನೂ ಕುಂದಿರಲಿಲ್ಲ; ಮನುಷ್ಯನ ಎಚ್ಚರ ಹೆಚ್ಚಿತ್ತು. 1970ರ ದುರಂತದ ಅನಂತರ ಸರ್ಕಾರವೂ ರೆಡ್ ಕ್ರೆಸೆಂಟ್ ಸಂಸ್ಥೆಯೂ ಕೂಡಿ ಸ್ವಯಂಸೇವಕರ ಪಡೆಯೊಂದನ್ನು ಕಟ್ಟಿದವು. ಇಂದು ಅದರಲ್ಲಿ 70,000ಕ್ಕೂ ಮಿಕ್ಕಿ ಜನರಿದ್ದಾರೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಹಿಳೆಯರು. ಬಾವುಟ ಏರಿಸಿ, ಧ್ವನಿವರ್ಧಕ ಹಿಡಿದು, ಮನೆಮನೆಗೆ ಹೋಗಿ ಅವರು ಜನರನ್ನು ಎಚ್ಚರಿಸುತ್ತಾರೆ. ಎತ್ತರದ ಕಂಬಗಳ ಮೇಲೆ ಕಟ್ಟಿದ ಆಶ್ರಯಮಂದಿರಗಳು ಉಳಿದ ದಿನಗಳಲ್ಲಿ ಶಾಲೆಗಳಾಗಿಯೂ ಉಪಯೋಗವಾಗುತ್ತವೆ. ಬಡ ದೇಶವೊಂದು ಸಾಧಿಸಿದ ಈ ಯಶಸ್ಸು ಲೋಕಕ್ಕೇ ಪಾಠ.

ಆದರೆ ಜೀವ ಉಳಿದ ಮಾತ್ರಕ್ಕೆ ಜೀವನ ಉಳಿಯಿತೆಂದು ಹೇಳಲಾಗದು. ಆಶ್ರಯಮಂದಿರಕ್ಕೆ ಮನುಷ್ಯನು ಓಡಿಹೋಗಬಲ್ಲನು. ಅವನ ಗದ್ದೆ ಓಡಲಾರದು. ಸಿಡ್ರ್ ಚಂಡಮಾರುತದಿಂದ ಆದ ನಷ್ಟವು ಸುಮಾರು 170 ಕೋಟಿ ಡಾಲರುಗಳೆಂದು ಅಂದಾಜು ಮಾಡಲಾಗಿದೆ. 2009ರ ಮೇ ತಿಂಗಳಿನಲ್ಲಿ ‘ಐಲಾ’ ಬಂದಾಗ ಕರಾವಳಿಯ ಮಣ್ಣಿನ ಒಡ್ಡುಗಳು ಒಡೆದವು. ಒಳನುಗ್ಗಿದ ಉಪ್ಪುನೀರು ಕೆಲವು ಗ್ರಾಮಗಳಲ್ಲಿ ಒಂದು ವರ್ಷ ಕಳೆದರೂ ಇಳಿಯಲಿಲ್ಲ. ಉಬ್ಬರ ಬಂದಾಗಲೆಲ್ಲ ಅಂಗಳಕ್ಕೆ ನೀರು ಬರುತ್ತಿತ್ತು. ಸಾವಿರಾರು ಸಂಸಾರಗಳು ಉಳಿದ ಒಡ್ಡಿನ ಮೇಲೆಯೇ ಗುಡಿಸಲು ಹಾಕಿಕೊಂಡು ಬದುಕಿದವು. ಸುತ್ತಲೂ ನೀರು, ಕುಡಿಯಲು ಮಾತ್ರ ಒಂದು ಕೊಡವಿಲ್ಲ!

ಈ ಕಷ್ಟಗಳಿಗೆಲ್ಲ ಒಂದೇ ಕಾರಣವನ್ನು ಹೇಳುವುದು ಸತ್ಯವಾಗದು. ಮುಖಜಭೂಮಿಯ ನೆಲವು ಸಹಜವಾಗಿಯೇ ಮೆಲ್ಲಮೆಲ್ಲನೆ ಕುಸಿಯುತ್ತದೆ. ಒಡ್ಡುಗಳು ಉಪ್ಪುನೀರನ್ನು ತಡೆಯುವುದರ ಜೊತೆಗೆ ಹೊಸ ಮೆಕ್ಕಲು ಮಣ್ಣನ್ನೂ ತಡೆಯುತ್ತವೆ. ಬೇಸಗೆಯಲ್ಲಿ ನದಿಗಳ ಸಿಹಿನೀರು ತಗ್ಗಿದಾಗ ಕಡಲು ಒಳಕ್ಕೆ ಸರಿಯುತ್ತದೆ. ಇವೆಲ್ಲಕ್ಕೂ ಮೇಲಾಗಿ ಈಗ ಭೂಮಿಯ ವಾಯುಗುಣವೇ ಬದಲಾಗುತ್ತಿದೆ. ಕಲ್ಲಿದ್ದಲು ಮತ್ತು ಪೆಟ್ರೋಲಿಯಂ ಉರಿಸಿದುದರಿಂದ ಹೊರಟ ಅನಿಲಗಳು ಸೂರ್ಯನ ಶಾಖವನ್ನು ಹಿಡಿದಿಡುತ್ತಿವೆ. ಬೆಚ್ಚಗಾದ ನೀರು ಹಿಗ್ಗುತ್ತದೆ. ಹಿಮರಾಶಿಗಳು ಕರಗಿ ಕಡಲನ್ನು ಸೇರುತ್ತವೆ. 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟವು ಸರಾಸರಿ 20 ಸೆಂಟಿಮೀಟರ್ ಏರಿದೆ. ಒಂದು ಗೇಣಿನಷ್ಟು ಏರಿಕೆ ತಾನೇ ಎಂದು ನಮಗೆ ತೋರಬಹುದು. ಒಡ್ಡಿನ ಅಂಚಿಗೆ ಬಂದು ನಿಂತ ಅಲೆಗೆ ಒಳನುಗ್ಗಲು ಅಷ್ಟೇ ಸಾಕು.

ಉಪ್ಪು ಒಮ್ಮೆ ಮಣ್ಣನ್ನು ಸೇರಿದರೆ ನಾಡಿನ ಆರ್ಥಿಕ ವ್ಯವಸ್ಥೆಯೇ ಬದಲಾಗುತ್ತದೆ. 1973ರಲ್ಲಿ ಬಾಂಗ್ಲಾದೇಶದ ಕರಾವಳಿಯಲ್ಲಿ ಉಪ್ಪು ತಗುಲಿದ ಭೂಮಿ 8.33 ಲಕ್ಷ ಹೆಕ್ಟೇರು. 2009ರ ವೇಳೆಗೆ ಅದು 10.56 ಲಕ್ಷ ಹೆಕ್ಟೇರಿಗೆ ಏರಿತು. ಭತ್ತ ಬೆಳೆಯದ ಗದ್ದೆಗಳಲ್ಲಿ ಕೆಲವರು ಸಿಗಡಿ ಸಾಕತೊಡಗಿದರು. ಸಿಗಡಿಯ ರಫ್ತಿನಿಂದ ದೇಶಕ್ಕೆ ವಿದೇಶೀ ಹಣ ಬಂದಿತು, ನಿಜ. ಆದರೆ ಅದಕ್ಕಾಗಿ ಬೇಕೆಂದೇ ಉಪ್ಪುನೀರನ್ನು ಒಳಗೆ ಬಿಟ್ಟುದರಿಂದ ಅಕ್ಕಪಕ್ಕದ ಗದ್ದೆಗಳೂ ಕೆಟ್ಟವು. ನಾಟಿ, ಕಳೆ, ಕೊಯ್ಲು ಎಂದು ಭತ್ತದ ಗದ್ದೆ ಹಲವು ಕೈಗಳಿಗೆ ಕೆಲಸ ಕೊಡುತ್ತದೆ; ಸಿಗಡಿಯ ಹೊಂಡಕ್ಕೆ ಕೆಲವೇ ಆಳುಗಳು ಸಾಕು. ಕೆಲಸವಿಲ್ಲದ ಕೂಲಿಗಾರನು ಢಾಕಾ ನಗರದ ಕೊಳೆಗೇರಿಯನ್ನು ಸೇರಿ ರಿಕ್ಷಾ ತುಳಿಯುತ್ತಾನೆ. ಊರಿನಲ್ಲಿ ಉಳಿದ ಹೆಂಗಸು ಸಿಹಿನೀರಿಗಾಗಿ ದೂರ ನಡೆಯುತ್ತಾಳೆ. ಸರ್ಕಾರವು ಹೊಸ ಶಾಲೆಗೋ ಆಸ್ಪತ್ರೆಗೋ ಎತ್ತಿಟ್ಟ ಹಣ ಹಳೆಯ ಒಡ್ಡಿನ ದುರಸ್ತಿಗೆ ವೆಚ್ಚವಾಗುತ್ತದೆ. ಪ್ರಗತಿಯ ಹಾದಿಯಲ್ಲಿ ಎರಡು ಹೆಜ್ಜೆ ಮುಂದಿಟ್ಟ ನಾಡು ಒಂದು ಹೆಜ್ಜೆ ಹಿಂದೆ ಸರಿಯುವುದು ಹೀಗೆ.

ಆ ಜನರು ಕೈಕಟ್ಟಿ ಕುಳಿತಿಲ್ಲ. ಅಲ್ಲಿನ ಭತ್ತ ಸಂಶೋಧನ ಸಂಸ್ಥೆಯು ಉಪ್ಪನ್ನು ಸಹಿಸುವ ತಳಿಗಳನ್ನು ರೈತರಿಗೆ ನೀಡಿದೆ. ನೀರು ನಿಲ್ಲುವ ಕಡೆಗಳಲ್ಲಿ ರೈತರು ಜಲಕಳೆಗಳನ್ನು ಹಾಸಿ, ತೇಲುವ ಪಾತಿಗಳನ್ನು ಮಾಡಿ, ಅವುಗಳ ಮೇಲೆ ತರಕಾರಿ ಬೆಳೆಯುತ್ತಾರೆ. ಇದು ತಲೆಮಾರುಗಳಿಂದ ಬಂದ ವಿದ್ಯೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿಯೂ ಅಘನಾಶಿನಿಯು ಕಡಲನ್ನು ಸೇರುವಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪನ್ನು ತಾಳಿಕೊಳ್ಳುವ ‘ಕಗ್ಗ’ ಎಂಬ ಭತ್ತವನ್ನು ಹಿರಿಯರು ಬೆಳೆಸಿಕೊಂಡು ಬಂದಿದ್ದಾರೆ. ಇಂಥ ತಳಿಗಳು ಮುಂದಿನ ಕಾಲಕ್ಕೆ ಆಸ್ತಿ. ಆದರೆ ಉಪ್ಪು ಸಹಿಸುವ ಭತ್ತಕ್ಕೂ ಒಂದು ಮಿತಿಯುಂಟು. ಮನುಷ್ಯನ ತಾಳ್ಮೆಗೂ ಉಂಟು.

ಇಲ್ಲಿ ನ್ಯಾಯದ ಪ್ರಶ್ನೆಯೊಂದು ಏಳುತ್ತದೆ. ಜಗತ್ತಿನ ಜನರಲ್ಲಿ ನೂರಕ್ಕೆ ಇಬ್ಬರು ಬಾಂಗ್ಲಾದೇಶದಲ್ಲಿದ್ದಾರೆ. ಆದರೆ ವಾಯುಗುಣವನ್ನು ಕೆಡಿಸುವ ಅನಿಲಗಳಲ್ಲಿ ಆ ದೇಶದ ಪಾಲು ನೂರಕ್ಕೆ ಒಂದರಷ್ಟೂ ಇಲ್ಲ. ಅಮೆರಿಕದ ಒಬ್ಬ ಪ್ರಜೆಯ ಪಾಲಿಗೆ ಬರುವ ಇಂಗಾಲದ ಡೈಆಕ್ಸೈಡು ಅಲ್ಲಿಯವನ ಪಾಲಿಗಿಂತ ಸುಮಾರು ಇಪ್ಪತ್ತು ಪಟ್ಟು ಹೆಚ್ಚು. ಯಾರೋ ಹಚ್ಚಿದ ಒಲೆಯ ಹೊಗೆ ಇನ್ನಾರದೋ ಕಣ್ಣನ್ನು ಉರಿಸುತ್ತಿದೆ. ಎಲ್ಲ ರಾಷ್ಟ್ರಗಳಿಗೂ ಹೊಣೆಯಿದೆ, ಆದರೆ ಅದು ಸಮನಲ್ಲವೆಂಬ ತತ್ತ್ವವನ್ನು 1992ರಲ್ಲಿಯೇ ವಿಶ್ವಸಂಸ್ಥೆಯ ಒಪ್ಪಂದದಲ್ಲಿ ಒಪ್ಪಲಾಯಿತು. ನಷ್ಟಕ್ಕೊಳಗಾದ ಬಡ ರಾಷ್ಟ್ರಗಳಿಗಾಗಿ ಒಂದು ನಿಧಿಯನ್ನು ಸ್ಥಾಪಿಸಲು ಈಜಿಪ್ಟಿನಲ್ಲಿ ನಡೆದ ಸಮ್ಮೇಳನ ಸಮ್ಮತಿಸಿದ್ದು 2022ರಲ್ಲಿ. ಮಾತಿನಿಂದ ನಿಧಿಗೆ ಬರಲು ಮೂವತ್ತು ವರ್ಷಗಳು ಬೇಕಾದವು!

ನೆರೆಮನೆಯವನು ಮುಳುಗುವಾಗ ಕೈನೀಡುವುದು ಕೇವಲ ದಾನವಲ್ಲ. ಆ ನೀರು ಏರಲು ನಾವೂ ಕಾರಣರಾಗಿದ್ದರೆ ಅದು ಋಣ. ಭೂಮಿಗೆ ದೇಶಗಳ ಗಡಿಯುಂಟು. ಗಾಳಿಗೂ ಕಡಲಿಗೂ ಗಡಿಯಿಲ್ಲ. ಈ ತಿಳಿವಳಿಕೆ ಮೂಡಿದಂದೇ ಕಡಲಂಚಿನ ರೈತನು ತಾನು ಉಳಿಸಿದ್ದು ತನ್ನ ಮಕ್ಕಳಿಗೆ ಉಳಿಯುವುದೆಂಬ ನಂಬಿಕೆಯಿಂದ ನೇಗಿಲು ಹಿಡಿದಾನು.

ಅಭ್ಯಾಸ

ಅ) ಪದಗಳ ಅರ್ಥ
ಮುಖಜಭೂಮಿ – ನದಿಯು ಕಡಲನ್ನು ಸೇರುವಲ್ಲಿ ಮೆಕ್ಕಲು ಮಣ್ಣಿನಿಂದಾದ ನೆಲ
ಒಡ್ಡು – ನೀರನ್ನು ತಡೆಯುವ ಕಟ್ಟೆ
ಗಜನಿ – ಕಡಲ ಉಬ್ಬರದ ನೀರು ಬರುವ ಗದ್ದೆ

ಆ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಬಾಂಗ್ಲಾದೇಶದ ನೆಲವು ಯಾವುದರಿಂದ ರೂಪುಗೊಂಡಿದೆ?
2. ‘ಕಗ್ಗ’ ಭತ್ತದ ವಿಶೇಷತೆಯೇನು?

ಇ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಚಂಡಮಾರುತದಿಂದ ಸಾಯುವವರ ಸಂಖ್ಯೆ ಕಡಮೆಯಾದುದು ಹೇಗೆ?
2. ಮಣ್ಣಿಗೆ ಉಪ್ಪು ಸೇರಿದರೆ ಕೂಲಿಗಾರನ ಬದುಕು ಹೇಗೆ ಬದಲಾಗುತ್ತದೆ?

ಈ) ಸಂದರ್ಭದೊಡನೆ ವಿವರಿಸಿರಿ.
1. “ಅವನ ಗದ್ದೆ ಓಡಲಾರದು.”
2. “ಯಾರೋ ಹಚ್ಚಿದ ಒಲೆಯ ಹೊಗೆ ಇನ್ನಾರದೋ ಕಣ್ಣನ್ನು ಉರಿಸುತ್ತಿದೆ.”